ಶಾಲಾ ವಾದ್ಯವೃಂದಕ್ಕೆ ನಾಲ್ಕೂವರೆ ನಿಮಿಷದ ರಚನೆ: ಮಕ್ಕಳ ಪಟ್ಟಿಯಿಂದ ವೇದಿಕೆಯವರೆಗೆ

ವಾರ್ಷಿಕೋತ್ಸವಕ್ಕೆ ವಾದ್ಯವೃಂದ ಕಟ್ಟಲು ಹೊರಟವರು ಸಾಮಾನ್ಯವಾಗಿ ಒಂದು ಒಳ್ಳೆಯ ಧಾಟಿ ಹಿಡಿದು ಶುರು ಮಾಡುತ್ತಾರೆ. ಧಾಟಿ ಮನಸ್ಸಿನಲ್ಲಿ ಕೂತ ಮೇಲೆ ಅದನ್ನು ಮಕ್ಕಳಿಗೆ ಹಂಚಲು ನೋಡುತ್ತಾರೆ. ಚೆನ್ನಾಗಿ ನುಡಿಸುವ ಮೂವರ ಪಾಲಿಗೆ ಎಲ್ಲವೂ ಹೋಗುತ್ತದೆ. ಉಳಿದ ಹತ್ತು ಮಕ್ಕಳು ತಂತಿಗೆ ತಾಗದ ಹಾಗೆ ಕಮಾನು ಆಡಿಸಿ ವೇದಿಕೆಯಿಂದ ಇಳಿಯುತ್ತಾರೆ. ಅಪ್ಪ ಅಮ್ಮನಿಗೆ ಇದು ಗೊತ್ತಾಗದೆ ಹೋಗಬಹುದು, ಮಗುವಿಗೆ ಮಾತ್ರ ಚೆನ್ನಾಗಿ ಗೊತ್ತಿರುತ್ತದೆ. ಆದ್ದರಿಂದ ಕೆಲಸವನ್ನು ಇನ್ನೊಂದು ತುದಿಯಿಂದ ಹಿಡಿಯಬೇಕು: ಯಾವ ಮಗು ಇವತ್ತು ಏನು ನುಡಿಸಬಲ್ಲದು ಎಂಬುದು ಮೊದಲು, ಧಾಟಿ ಆಮೇಲೆ.

ಇಲ್ಲಿ ಒಂದು ರಚನೆಯನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟಿ ತೋರಿಸಿದೆ. ತಂಡದಲ್ಲಿ ಹದಿನಾಲ್ಕು ಮಕ್ಕಳು: ಪಿಟೀಲು ಆರು, ಕೊಳಲು ಎರಡು, ವೀಣೆ ಒಂದು, ಕೀಬೋರ್ಡ್ ಎರಡು, ಮೃದಂಗ, ಖಂಜಿರ, ಘಟ ಒಂದೊಂದು. ನಿಮ್ಮಲ್ಲಿರುವ ವಾದ್ಯಗಳು ಬೇರೆ ಇದ್ದರೂ ಲೆಕ್ಕ ಹಾಕುವ ರೀತಿ ಇದೇ.

ಪಟ್ಟಿ ಬರೆಯಿರಿ

ಒಂದು ಹಾಳೆಯಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಎರಡು ವಿಷಯ ಬರೆದುಕೊಳ್ಳಿ. ಮೊದಲನೆಯದು, ಪಾಠ ಎಲ್ಲಿಯವರೆಗೆ ಬಂದಿದೆ: ಕಲಿಸುವ ಕ್ರಮದಲ್ಲಿ ಸರಳೆ, ಜಂಟಿ, ಅಲಂಕಾರ, ಪಿಳ್ಳಾರಿ ಗೀತೆ, ವರ್ಣ, ಹೀಗೆ. ಎರಡನೆಯದು, ಕೈ ತಪ್ಪದೆ ನುಡಿಸಬಲ್ಲ ವೇಗ. ಇದನ್ನು ಕೇಳಿ ತಿಳಿಯಲಾಗದು, ಮೆಟ್ರೊನೋಮ್ ಇಟ್ಟು ಪರೀಕ್ಷಿಸಬೇಕು. ಮೋಹನ ರಾಗದ ಆರೋಹಣ ಅವರೋಹಣವನ್ನು (ಸ್ವರಗಳ ಏರಿಕೆ, ಇಳಿಕೆ) ನಿಮಿಷಕ್ಕೆ 60 ಎಣಿಕೆಯಲ್ಲಿ, ಎಣಿಕೆಗೆ ಎರಡು ಸ್ವರದಂತೆ ನಾಲ್ಕು ಸಲ ನುಡಿಸಲು ಹೇಳಿ. ಆಮೇಲೆ 72, ಆಮೇಲೆ 84. ಎಲ್ಲಿ ತೊಡರುತ್ತಾರೋ ಅದರ ಹಿಂದಿನ ಸಂಖ್ಯೆಯೇ ಆ ಮಗುವಿನ ವೇಗ. ವೇದಿಕೆಯ ಗಾಬರಿಯಲ್ಲಿ ಅದು ಇನ್ನೂ ಸ್ವಲ್ಪ ಇಳಿಯುತ್ತದೆಂದೇ ಹಿಡಿಯಿರಿ.

ಪಟ್ಟಿ ಮುಗಿದಾಗ ಮಕ್ಕಳು ತಾವಾಗಿಯೇ ಮೂರು ಗುಂಪಾಗಿರುತ್ತಾರೆ. ನಮ್ಮ ಉದಾಹರಣೆಯಲ್ಲಿ ವರ್ಣದವರೆಗೆ ಬಂದ ಇಬ್ಬರು ಪಿಟೀಲಿನವರು ಮತ್ತು ಕೊಳಲಿನವರು ಮೊದಲ ಪಾಲು. ಗೀತೆ ನುಡಿಸುವ ಇಬ್ಬರು ಪಿಟೀಲಿನವರು ಮತ್ತು ವೀಣೆ ಎರಡನೇ ಪಾಲು. ಸರಳೆಯಲ್ಲೇ ಇರುವ ಇಬ್ಬರು ಪಿಟೀಲಿನವರು ಮತ್ತು ಕೀಬೋರ್ಡಿನವರು ಮೂರನೇ ಪಾಲು. ತಾಳವಾದ್ಯಗಳದ್ದು ಪ್ರತ್ಯೇಕ ಹಾಳೆ.

ಶ್ರುತಿ ತೀರ್ಮಾನಿಸುವುದು ಕೊಳಲು

ಪಿಟೀಲಿನ ತಂತಿಯನ್ನು ಬಿಗಿ ಮಾಡಬಹುದು, ಸಡಿಲಿಸಬಹುದು. ಕೊಳಲಿಗೆ ಅದಾಗದು, ಬಿದಿರು ಕೊರೆದಾಗಲೇ ಅದರ ಶ್ರುತಿ ನಿಂತುಬಿಡುತ್ತದೆ. ಘಟವೂ ಅಷ್ಟೇ. ಹಾಗಾಗಿ ಮಕ್ಕಳ ಹತ್ತಿರ ಇರುವ ಕೊಳಲು ಯಾವ ಶ್ರುತಿಯದೆಂದು ನೋಡಿಕೊಂಡೇ ಮುಂದುವರಿಯಿರಿ. ಹೊಸದಾಗಿ ಕೊಳ್ಳುವುದಾದರೆ ಐದು ಮನೆ ಶ್ರುತಿ, ಅಂದರೆ ಕೀಬೋರ್ಡಿನ ಜಿ ಷಡ್ಜವಾಗಿರುವುದು (ಸ), ಶಾಲಾ ತಂಡಕ್ಕೆ ಬಹಳ ಅನುಕೂಲ. ಆ ಕೊಳಲು ಗಿಡ್ಡ, ಚಿಕ್ಕ ಬೆರಳುಗಳು ರಂಧ್ರ ಮುಚ್ಚುತ್ತವೆ. ಪಿಟೀಲಿಗೂ ಅದೇ ಅನುಕೂಲ: ಅಂಗಡಿಯಿಂದ ಬಂದ ಪಿಟೀಲಿನ ತಂತಿಗಳು ಜಿ, ಡಿ, ಎ, ಇ ಆಗಿರುತ್ತವೆ. ಐದು ಮನೆಗೆ ಸ–ಪ–ಸ–ಪ ಮಾಡಲು ಮೊದಲ ಎರಡನ್ನು ಮುಟ್ಟುವುದೇ ಬೇಡ, ಎ ಮತ್ತು ಇ ತಂತಿಗಳನ್ನು ಒಂದೊಂದು ಪೂರ್ಣ ಮನೆ ಇಳಿಸಿದರೆ ಆಯಿತು (ಕೀಬೋರ್ಡಿನಲ್ಲಿ ಕಪ್ಪು ಬಿಳುಪು ಸೇರಿ ಪಕ್ಕಪಕ್ಕದ ಎರಡು ಪಟ್ಟಿಗಳ ಅಂತರ ಅರ್ಧ ಮನೆ, ಅಂಥ ಎರಡು ಸೇರಿದರೆ ಪೂರ್ಣ ಮನೆ). ಟ್ಯೂನರ್‌ನಲ್ಲಿ ನೋಡಬೇಕಾದ ಸಂಖ್ಯೆಗಳು ಸುಮಾರು 196, 294, 392, 587 ಹರ್ಟ್ಸ್.

ಕೊಳಲು ಕೊಳ್ಳುವಾಗ ಮೇಲಿನ ಚೀಟಿಯನ್ನು ನಂಬಿ ತರಬೇಡಿ. ಕರ್ನಾಟಕ ಸಂಗೀತದ ಕೊಳಲಿನಲ್ಲಿ ಮೇಲಿನ ಎರಡು ರಂಧ್ರ ಮುಚ್ಚಿದಾಗ ಷಡ್ಜ, ಬಾನ್ಸುರಿಯಲ್ಲಿ ಮೂರು ಮುಚ್ಚಿದಾಗ ಷಡ್ಜ. ಅಂಗಡಿಯಲ್ಲೇ ಮೊಬೈಲಿನ ಟ್ಯೂನರ್ ತೆರೆದು ಷಡ್ಜ ಊದಿಸಿ ನೋಡಿ. ಇನ್ನೊಂದು ಮಾತು, ಕೊಳಲು ಉಸಿರಿಗೆ ಬೆಚ್ಚಗಾದಂತೆ ಅದರ ಶ್ರುತಿ ಸ್ವಲ್ಪ ಏರುತ್ತದೆ. ತಣ್ಣಗಿನ ಕೊಳಲಿಗೆ ಆರು ಪಿಟೀಲು ಸೇರಿಸಿದರೆ ಮೂರನೇ ನಿಮಿಷಕ್ಕೆ ಎಲ್ಲ ಬೇರೆಬೇರೆಯಾಗಿ ಕೇಳುತ್ತದೆ. ಕೊಳಲಿನವರು ಹತ್ತು ನಿಮಿಷ ಊದಿದ ಮೇಲೆಯೇ ತಂತಿ ಸೇರಿಸಿ.

ಮೃದಂಗದ ಬಲಭಾಗ ಅರ್ಧದಿಂದ ಒಂದು ಮನೆಯಷ್ಟು ಮಾತ್ರ ಏರಿಳಿಯುತ್ತದೆ. ಐದಕ್ಕೆ ಹೆಚ್ಚು ಶ್ರುತಿಯ ಗಿಡ್ಡ ಮೃದಂಗವೇ ಬೇಕು. ತಗ್ಗು ಶ್ರುತಿಯದನ್ನು ಹೊಡೆದು ಹೊಡೆದು ಏರಿಸಲು ಹೋದರೆ ಚರ್ಮದ ಮುಚ್ಚಿಗೆ ಹರಿಯುತ್ತದೆ. ವೀಣೆಯನ್ನು ಅರ್ಧ ಮನೆ ಏರಿಸಬಹುದು. ಅದಕ್ಕಿಂತ ಹೆಚ್ಚು ಬೇಕಾದರೆ ತಂತಿ ಕಡಿಯುವ ಮುನ್ನ ವೀಣೆ ಕಟ್ಟುವವರನ್ನು ಕೇಳಿ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಗುಂಡಿಯನ್ನು –5ಕ್ಕೆ ಅಥವಾ +7ಕ್ಕೆ ಇಟ್ಟರೆ ಮಗು ಎಂದಿನಂತೆ ಮೊದಲ ಬಿಳಿ ಮನೆಯನ್ನೇ (ಸಿ) ಷಡ್ಜವಾಗಿ ನುಡಿಸಬಹುದು. ಕಾರ್ಯಕ್ರಮದ ದಿನ ಕೀಬೋರ್ಡ್ ಆರಿಸಿ ಮತ್ತೆ ಹಾಕಿದಾಗ ಈ ಸಂಖ್ಯೆ ಸೊನ್ನೆಗೆ ಮರಳಿರಬಹುದು. ಇದನ್ನು ನೋಡುವ ಕೆಲಸ ಒಬ್ಬರಿಗೆ ವಹಿಸಿ.

ರಾಗ ಏಕೆ ಮೋಹನ

ಮೊದಲ ರಚನೆಗೆ ಮೋಹನವನ್ನೇ ಹೇಳುವುದಕ್ಕೆ ಕಾರಣವಿದೆ. ಸ ರಿ ಗ ಪ ದ (ಷಡ್ಜ, ರಿಷಭ, ಗಾಂಧಾರ, ಪಂಚಮ, ಧೈವತ), ಈ ಐದು ಸ್ವರಗಳಲ್ಲಿ ಯಾವ ಎರಡೂ ಅರ್ಧ ಮನೆಯ ದೂರದಲ್ಲಿಲ್ಲ. ಇಬ್ಬರು ಬೇರೆಬೇರೆ ಸ್ವರ ನುಡಿಸುತ್ತಿದ್ದರೂ ಕಿವಿಗೆ ಚುಚ್ಚುವುದಿಲ್ಲ. ಒಬ್ಬ ಹುಡುಗ ಅರ್ಧ ಎಣಿಕೆ ತಡವಾಗಿ ಬಂದರೂ ರಚನೆ ಕುಸಿಯುವುದಿಲ್ಲ. ಮಕ್ಕಳಿಗೆ ಸರಳೆಯಿಂದಲೇ ಪರಿಚಯವಿರುವ ಮಾಯಾಮಾಳವಗೌಳ ಸುಲಭವೆಂದು ತೋರುತ್ತದೆ. ಅಲ್ಲಿ ಸ–ರಿ, ಗ–ಮ, ಪ–ದ, ನಿ–ಸ ನಾಲ್ಕೂ ಕಡೆ ಅರ್ಧ ಮನೆಯ ಅಂತರ. ಎರಡು ಪಾಲು ಜೊತೆಯಾದಾಗ ತಪ್ಪು ಎದ್ದು ಕೇಳುತ್ತದೆ. ಹಿಂದೋಳದಲ್ಲಿ ಅರ್ಧ ಮನೆ ಇಲ್ಲ, ನಿಜ. ಪಂಚಮವೂ ಇಲ್ಲ. ಪಿಟೀಲಿನ ಬಿಡಿ ಪಂಚಮದ ತಂತಿ ಎರಡೂ ವ್ಯರ್ಥವಾಗಿ, ಸಣ್ಣ ಮಕ್ಕಳಿಗೆ ಕೊಡಲು ಏನೂ ಉಳಿಯುವುದಿಲ್ಲ. ಎರಡನೇ ರಚನೆಗೆ ಮಧ್ಯಮಾವತಿ ಒಳ್ಳೆಯದು.

ಧಾರವಾಡ, ಹುಬ್ಬಳ್ಳಿ ಕಡೆ ಹಾರ್ಮೋನಿಯಂ, ಬಾನ್ಸುರಿ, ತಬಲಾ ಇರುವ ತಂಡಕ್ಕೆ ಇದೇ ಸ್ವರಗಳ ಭೂಪ್ ಇದೆ. ಕೆಳಗಿನ ಸಾಲುಗಳಲ್ಲಿ ಹದಿನಾರು ಹದಿನಾರು ಜಾಗಗಳಿರುವುದರಿಂದ ತೀನ್‌ತಾಲದ ಹದಿನಾರು ಮಾತ್ರೆಗೆ ಹಾಗೆಯೇ ಕೂರುತ್ತವೆ. ಮೋಹನದ ಗಮಕವನ್ನು (ಸ್ವರವನ್ನು ಆಡಿಸುವ ರೀತಿ) ಭೂಪದಲ್ಲಿ, ಭೂಪದ ಮೀಂಡನ್ನು (ಸ್ವರದಿಂದ ಸ್ವರಕ್ಕೆ ಜಾರುವುದು) ಮೋಹನದಲ್ಲಿ ಬೆರೆಸದಿದ್ದರೆ ಸಾಕು.

ಸ್ವಂತ ಧಾಟಿ ಕಟ್ಟುವ ಧೈರ್ಯ ಇನ್ನೂ ಬಂದಿಲ್ಲವಾದರೆ ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರ ಸಾಹಿತ್ಯಗಳಿವೆ. ಯುರೋಪಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿದ ಶಂಕರಾಭರಣದ ರಚನೆಗಳು, ಗಮಕದ ಹೊರೆ ಇಲ್ಲ, ತಂಡಕ್ಕೆಂದೇ ಮಾಡಿದಂತಿವೆ. ಕನ್ನಡ ಕವಿತೆಗೆ ರಾಗ ಹಾಕುವುದಾದರೆ ಹಕ್ಕಿನ ಕಡೆ ಗಮನವಿರಲಿ. ಭಾರತದಲ್ಲಿ ಕೃತಿಸ್ವಾಮ್ಯ ಕವಿ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಪದ್ಯಗಳು ಈಗ ಎಲ್ಲರವು. 1981ರಲ್ಲಿ ತೀರಿಕೊಂಡ ಬೇಂದ್ರೆಯವರ, 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕವಿತೆಗಳಿಗೆ ಅವಧಿ ಇನ್ನೂ ಮುಗಿದಿಲ್ಲ. ದಾಸರ ಪದ ಎಲ್ಲರದ್ದಾದರೂ ಅದಕ್ಕೆ ಈಚಿನವರು ಹಾಕಿದ ಧಾಟಿ ಅವರದ್ದು. ಶಾಲೆಯ ಚಟುವಟಿಕೆಯಾಗಿ ಮಕ್ಕಳು, ಶಿಕ್ಷಕರು, ಪೋಷಕರ ಮುಂದೆ ಮಾತ್ರ ನುಡಿಸುವುದಕ್ಕೆ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಅದೇ ವಿಡಿಯೊವನ್ನು ಯೂಟ್ಯೂಬಿಗೆ ಹಾಕಿದಾಗ ಆ ವಿನಾಯಿತಿ ಜೊತೆಗೆ ಬರುವುದಿಲ್ಲ. ನಾಡಗೀತೆಯನ್ನು ಮಾತ್ರ ಮರುಜೋಡಣೆ ಮಾಡಲು ಹೋಗಬೇಡಿ. ಅದಕ್ಕೆ 2022ರಲ್ಲಿ ಸರ್ಕಾರವೇ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡಿನ ಅವಧಿಯನ್ನೂ ಗೊತ್ತುಮಾಡಿದೆ.

ಮುಖ್ಯ ಧಾಟಿ

ಆದಿತಾಳ, ನಿಮಿಷಕ್ಕೆ 72 ಎಣಿಕೆ, ಎಣಿಕೆಗೆ ಎರಡು ಸ್ವರ, ಅಂದರೆ ಸರಳೆಯ ಎರಡನೇ ಕಾಲದ ಹಾಗೆ. ಒಂದು ಆವರ್ತಕ್ಕೆ, ಅಂದರೆ ಎಂಟು ಎಣಿಕೆಯ ಒಂದು ಸುತ್ತಿಗೆ, ಹದಿನಾರು ಜಾಗ: ಲಘುವಿನಲ್ಲಿ (ಮೊದಲ ನಾಲ್ಕು ಎಣಿಕೆ) ಎಂಟು, ದ್ರುತಗಳಲ್ಲಿ (ಆಮೇಲಿನ ಎರಡೆರಡು ಎಣಿಕೆ) ನಾಲ್ಕು ನಾಲ್ಕು. ಪ್ರತಿ ಅಲ್ಪವಿರಾಮ ಹಿಂದಿನ ಸ್ವರದ ಒಂದು ಜಾಗದ ವಿಸ್ತಾರ. ಇಲ್ಲಿ ಸ್ವರಕ್ಕೆ ಮುಂಚೆ ಚುಕ್ಕೆ ಇದ್ದರೆ ಮಂದ್ರ, ಅಂದರೆ ಕೆಳಗಿನ ಸ್ಥಾಯಿ.

ಗ , ಗ ರಿ ಸ ರಿ ಗ , | ಪ , ಗ , | ರಿ ಸ ರಿ , ||
ಗ , ಗ ಪ ದ ಪ ಗ , | ರಿ , ಗ , | ರಿ , ಸ , ||

ಸಾಧಾರಣ ಧಾಟಿಯೇ. ಅದರ ಗುಣ ಬೇರೆ ಕಡೆ ಇದೆ. ಇಡೀ ಧಾಟಿ ಸ–ದ ನಡುವೆ ಇರುವುದರಿಂದ ಪಿಟೀಲಿನಲ್ಲಿ ಕೈ ಜಾಗ ಬದಲಿಸಬೇಕಿಲ್ಲ. ಎರಡೂ ಸಾಲು ‘ಗ , ಗ’ ಎಂದೇ ಏಳುವುದರಿಂದ ಎಲ್ಲೋ ಕಳೆದುಹೋದ ಮಗು ಮುಂದಿನ ಸಮದಲ್ಲಿ (ಆವರ್ತದ ಮೊದಲ ಎಣಿಕೆಯಲ್ಲಿ) ಸೇರಿಕೊಳ್ಳಬಹುದು. ಎರಡು ಸಾಲಿನ ಕೊನೆಯಲ್ಲೂ ಉದ್ದನೆಯ ಸ್ವರವಿದೆ, ಕೊಳಲಿನವರು ಉಸಿರು ತೆಗೆದುಕೊಳ್ಳುವುದು ಅಲ್ಲಿ. ಪಿಟೀಲಿನವರು ಬರೆಯುವ ಧಾಟಿಗಳಲ್ಲಿ ಉಸಿರಿನ ಜಾಗವೇ ಇರುವುದಿಲ್ಲ, ಕೊಳಲಿನ ಮಗು ಎಲ್ಲಿ ಸಿಕ್ಕಿತೋ ಅಲ್ಲಿ ಕತ್ತರಿಸುತ್ತದೆ. ಉಸಿರಿನ ಗುರುತನ್ನು ಹಾಳೆಯಲ್ಲೇ ಹಾಕಿಬಿಡಿ.

ಈಗ ಮೂರನೇ ಪಾಲು. ಇದನ್ನು ಬರೆಯುವಾಗ ಮುಖ್ಯ ಧಾಟಿಗಿಂತ ಹೆಚ್ಚು ಯೋಚಿಸಬೇಕು.

ಸ , , , .ಪ , , , | ಸ , , , | .ಪ , , , ||
ಸ , , , .ಪ , , , | ಸ , , , | .ಪ , ಸ , ||

ಬೆರಳೇ ಬೇಡ, ಅಕ್ಕಪಕ್ಕದ ಎರಡು ಬಿಡಿ ತಂತಿ ಮಾತ್ರ. ನಾಲ್ಕು ಜಾಗಕ್ಕೆ ಒಂದು ಕಮಾನು, 72ರ ವೇಗದಲ್ಲಿ ಒಂದೂಮುಕ್ಕಾಲು ಸೆಕೆಂಡಿಗೆ ಸ್ವಲ್ಪ ಕಡಿಮೆ. ಅಷ್ಟು ಹೊತ್ತು ಪೂರ್ತಿ ಕಮಾನು ಎಳೆಯುವುದು ಆರು ತಿಂಗಳು ಕಲಿತ ಮಗುವಿಗೂ ಸಾಧ್ಯ. ಸಣ್ಣ ಮಕ್ಕಳ ಕಮಾನು ಓರೆಯಾಗಿ ಪಕ್ಕದ ತಂತಿಗೆ ತಾಗುವುದು ಎಲ್ಲ ಶಿಕ್ಷಕರಿಗೂ ಗೊತ್ತಿರುವ ತೊಂದರೆ. ಇಲ್ಲಿ ತಾಗಿದರೂ ಸ–ಪ ಒಟ್ಟಿಗೆ ಕೇಳುತ್ತದೆ, ತಂಬೂರಿಯ ಹಾಗೆ, ಯಾವ ಹಾನಿಯೂ ಇಲ್ಲ. ಧಾಟಿಯ ಜೊತೆ ಇಟ್ಟು ನೋಡಿ: ಮೊದಲ ಗ ಬರುವಾಗ ಕೆಳಗೆ ಸ, ಸಾಲಿನ ಕೊನೆಯ ರಿ ನಿಲ್ಲುವಾಗ ಕೆಳಗೆ ಪ, ಕಟ್ಟಕಡೆಗೆ ಎಲ್ಲರೂ ಸ. ಎರಡನೇ ಸಾಲಿನ ಕೊನೆಯಲ್ಲಿ ಮಾತ್ರ ಕಮಾನು ಎರಡರಷ್ಟು ಬೇಗ ತಿರುಗುತ್ತದೆ. ಆ ಒಂದು ಜಾಗವನ್ನು ಹತ್ತು ಸಲ ಬೇರೆಯಾಗಿ ಮಾಡಿಸಿ. ಎಳೆಯುವ, ತಳ್ಳುವ ಕಮಾನಿನ ಗುರುತು ಪ್ರತಿ ಸ್ವರದ ಮೇಲೂ ಇರಲಿ. ಇಬ್ಬರು ಎದುರುಬದುರು ಎಳೆದರೆ ನೋಡುವುದಕ್ಕಷ್ಟೇ ಅಲ್ಲ, ಕೇಳುವುದಕ್ಕೂ ಒತ್ತು ಬೇರೆಬೇರೆ ಕಡೆ ಬೀಳುತ್ತದೆ.

ಕೀಬೋರ್ಡಿಗೂ ಸ, ಪ ಎರಡೇ ಕೊಡಿ. ಇದು ಮಗುವನ್ನು ಕಡೆಗಣಿಸುವುದಲ್ಲ. ಕೀಬೋರ್ಡಿನ ಗಾಂಧಾರ ತಂಬೂರಿಯಲ್ಲಿ ಕೇಳುವ ಸಹಜ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿದೆ, ಧೈವತ ಸುಮಾರು 16 ಸೆಂಟ್ ಮೇಲೆ. ಒಂದು ಅರ್ಧ ಮನೆ ಅಂದರೆ 100 ಸೆಂಟ್. ಪಿಟೀಲಿನವರು ಕಿವಿ ಕೊಟ್ಟು ಸರಿಯಾಗಿ ನಿಲ್ಲಿಸಿದ ಗಾಂಧಾರದ ಮೇಲೆ ಕೀಬೋರ್ಡಿನ ಉದ್ದನೆಯ ಗಾಂಧಾರ ಬಂದರೆ ನಡುಗುವ ಸದ್ದು ಏಳುತ್ತದೆ. ಆಗ ಶಿಕ್ಷಕರು ಪಿಟೀಲಿನವರನ್ನು ಗದರುತ್ತಾರೆ, ತಪ್ಪು ಅವರದ್ದಲ್ಲ. ಪಂಚಮದಲ್ಲಿ ವ್ಯತ್ಯಾಸ ಎರಡೇ ಸೆಂಟ್, ಕಿವಿಗೆ ತಿಳಿಯದು. ಇನ್ನು ಕೀಬೋರ್ಡಿನೊಳಗಿನ ರಿದಮ್ ಗುಂಡಿಯನ್ನು ಮೃದಂಗದವನು ಕೂತಿರುವಾಗ ಒತ್ತಲೇಬೇಡಿ.

ಗಮಕ: ತಂಡ ಒಡೆಯುವ ಜಾಗ

ಮೋಹನದ ಗಾಂಧಾರಕ್ಕೆ, ಧೈವತಕ್ಕೆ ಕಂಪನವಿದೆ. ಒಬ್ಬರೇ ನುಡಿಸುವಾಗ ಅದೇ ರಾಗದ ಜೀವ. ನಾಲ್ಕು ಪಿಟೀಲು ಒಟ್ಟಿಗೆ ನುಡಿಸುವಾಗ ಒಬ್ಬಳು ರಿಷಭದಿಂದ ಎತ್ತಿ ಗಾಂಧಾರ ಆಡಿಸುತ್ತಾಳೆ, ಇನ್ನೊಬ್ಬ ಪಂಚಮ ತಾಗಿಸಿ ಇಳಿಸುತ್ತಾನೆ, ಮೂರನೆಯವರು ಎರಡರಷ್ಟು ವೇಗದಲ್ಲಿ ಅಲುಗಿಸುತ್ತಾರೆ. ಪ್ರತಿಯೊಬ್ಬರದ್ದೂ ಬೇರೆಬೇರೆಯಾಗಿ ಸರಿ. ಕೂಡಿಸಿ ಕೇಳಿದರೆ ಅಪಶ್ರುತಿ. ‘ಶ್ರುತಿ ಸೇರುತ್ತಿಲ್ಲ’ ಎಂದು ಮತ್ತೆ ಮತ್ತೆ ಬಿರಡೆ ತಿರುಗಿಸುವ ತಂಡಗಳಲ್ಲಿ ಎಷ್ಟೋ ಸಲ ತಂತಿ ಸರಿಯಾಗಿಯೇ ಇರುತ್ತದೆ, ಹೊಂದದಿರುವುದು ಗಮಕ.

ಗಮಕವನ್ನು ಮಕ್ಕಳ ಇಷ್ಟಕ್ಕೆ ಬಿಡದೆ ಹಾಳೆಯಲ್ಲಿ ಬರೆಯಿರಿ. ಮೇಲಿನ ಧಾಟಿಯಲ್ಲಿ ಹೀಗೆ ಮಾಡಬಹುದು. ಪ್ರತಿ ಸಾಲಿನ ಮೊದಲ ‘ಗ ,’ ನೇರವಾಗಿ ನಿಲ್ಲಲಿ, ಎಲ್ಲರಿಗೂ. ಅದರ ನಂತರದ ‘ಗ ರಿ’ ಬಂದಾಗ ಗಾಂಧಾರದಿಂದ ರಿಷಭಕ್ಕೆ ಬೆರಳು ಎತ್ತದೆ ಜಾರು, ಮೊದಲ ಪಾಲಿಗೆ ಮಾತ್ರ. ಎರಡನೇ ಸಾಲಿನ ದ ಒಂದೇ ಜಾಗದಷ್ಟು ಚಿಕ್ಕದು, ಅಲ್ಲಿ ಕಂಪನ ಹಿಡಿಸುವುದಿಲ್ಲ, ನೇರವಾಗಿ ಬಿಡಿ. ಕಂಪನ ಬೇಕೇ ಬೇಕು ಎನ್ನುವ ಕಡೆ ಅದನ್ನು ಸ್ವರವಾಗಿ ಬಿಡಿಸಿ ಬರೆಯಿರಿ: ಎರಡು ಜಾಗದ ದ ಇದ್ದರೆ ‘ದ ಪ ದ ,’ ಎಂದು ದುಪ್ಪಟ್ಟು ವೇಗದಲ್ಲಿ. ಆಗ ಎಷ್ಟು ಸಲ, ಎಲ್ಲಿಂದ ಎಲ್ಲಿಗೆ ಎಂಬುದು ನಾಲ್ವರಿಗೂ ಒಂದೇ.

ಗಮಕವನ್ನು ವಾದ್ಯದಲ್ಲಿ ಕಲಿಸುವ ಮೊದಲು ಹಾಡಿಸಿ. ಬಾಯಲ್ಲಿ ಒಂದಾದದ್ದು ಕೈಯಲ್ಲಿ ಒಂದಾಗುತ್ತದೆ. ರಾಗದ ಪೂರ್ಣ ಕಂಪನವನ್ನು ಕೇಳಿಸಬೇಕೆಂಬ ಆಸೆ ಇದ್ದರೆ ಅದಕ್ಕೆ ವೀಣೆ, ಕೊಳಲಿನ ಒಂಟಿ ಭಾಗ ಇದೆ. ಅಲ್ಲಿ ಮಗು ತಾನು ಕಲಿತದ್ದನ್ನೆಲ್ಲ ತೋರಲಿ.

ಎರಡನೇ ಪಾಲು, ಮಿತವಾಗಿ

ಎರಡನೇ ಪಾಲಿನವರು ಹೆಚ್ಚು ಹೊತ್ತು ಮುಖ್ಯ ಧಾಟಿಯನ್ನೇ ನುಡಿಸಲಿ. ಕೊನೆಯ ಪಲ್ಲವಿಯಲ್ಲಿ, ಅಂದರೆ ಮುಖ್ಯ ಧಾಟಿ ಕೊನೆಯ ಸಲ ಬರುವಾಗ, ಮಾತ್ರ ಅವರಿಗೆ ಬೇರೆ ಸ್ವರ ಕೊಡಿ. ಮೋಹನದಲ್ಲಿ ಇದಕ್ಕೆ ಸುಲಭವಾದ ಸೂತ್ರ: ಧಾಟಿಯ ಸ್ವರದಿಂದ ಕೆಳಗೆ ಒಂದು ಸ್ವರ ಬಿಟ್ಟು ಇನ್ನೊಂದು. ಗ ಇದ್ದಲ್ಲಿ ಸ, ಪ ಇದ್ದಲ್ಲಿ ರಿ, ದ ಇದ್ದಲ್ಲಿ ಗ, ರಿ ಇದ್ದಲ್ಲಿ ಮಂದ್ರ ದ, ಸ ಇದ್ದಲ್ಲಿ ಮಂದ್ರ ಪ. ಮೊದಲ ಸಾಲು ಹೀಗಾಗುತ್ತದೆ:

ಸ , ಸ .ದ .ಪ .ದ ಸ , | ರಿ , ಸ , | .ದ .ಪ .ದ , ||

ಎರಡನೇ ಸಾಲಿನ ಕೊನೆಯ ಸ ಬಂದಾಗ ಸೂತ್ರ ಬಿಟ್ಟು ಅವರೂ ಸ ನುಡಿಸಲಿ. ಇದು ಕೇಳಲು ಇಂಪಾಗಿರುವುದರಿಂದ ಉದ್ದಕ್ಕೂ ಇಡುವ ಆಸೆಯಾಗುತ್ತದೆ. ಇಡಬೇಡಿ. ಎರಡು ಸಾಲು ಜೊತೆಯಾಗಿ ಓಡುತ್ತಿರುವಾಗ ಗಮಕಕ್ಕೆ ಜಾಗವಿಲ್ಲ, ಹೆಚ್ಚು ಹೊತ್ತು ಕೇಳಿದರೆ ಮೋಹನ ಹೋಗಿ ಬರೀ ಐದು ಸ್ವರ ಉಳಿಯುತ್ತದೆ. ನಾಲ್ಕು ಆವರ್ತ ಸಾಕು, ಅಷ್ಟಕ್ಕೇ ಸಭೆ ನಿಮಿರಿ ಕೂರುತ್ತದೆ.

ನಕ್ಷೆ

72 ಎಣಿಕೆಯ ವೇಗದಲ್ಲಿ ಆದಿತಾಳದ ಒಂದು ಆವರ್ತಕ್ಕೆ ಆರೂಮುಕ್ಕಾಲು ಸೆಕೆಂಡಿಗೆ ತುಸು ಕಡಿಮೆ. 36 ಆವರ್ತಕ್ಕೆ ಸರಿಯಾಗಿ ನಾಲ್ಕು ನಿಮಿಷ. ಮೊದಲಿಗೆ ತಾಳವಿಲ್ಲದೆ ಕೊಳಲಿನ ಅರ್ಧ ನಿಮಿಷದ ಆಲಾಪನೆ, ಆಮೇಲೆ 36 ಆವರ್ತವನ್ನು ಹೀಗೆ ಹಂಚಿ. ಪಲ್ಲವಿ ಎಂಟು: ಎರಡು ಸಾಲನ್ನು ಎರಡು ಸಲ ಮೊದಲ ಪಾಲು ಮಾತ್ರ, ಮತ್ತೆ ಎರಡು ಸಲ ಎಲ್ಲರೂ. ಒಂಟಿ ಭಾಗ ಎಂಟು: ಕೊಳಲಿಗೆ ನಾಲ್ಕು, ವೀಣೆಗೆ ನಾಲ್ಕು, ಹಿಂದೆ ಕೀಬೋರ್ಡಿನ ಶ್ರುತಿ ಮತ್ತು ಮೆಲ್ಲಗೆ ಘಟ. ಪಲ್ಲವಿ ನಾಲ್ಕು. ಪ್ರಶ್ನೋತ್ತರ ನಾಲ್ಕು. ತಾಳವಾದ್ಯ ಆರು: ಮೃದಂಗಕ್ಕೆ ಎರಡು, ಖಂಜಿರಕ್ಕೆ ಒಂದು, ಘಟಕ್ಕೆ ಒಂದು, ಮೂವರೂ ಸೇರಿ ಎರಡು. ಎರಡು ಧ್ವನಿಯ ಪಲ್ಲವಿ ನಾಲ್ಕು. ಮುಕ್ತಾಯ ಎರಡು.

ಪ್ರಶ್ನೋತ್ತರದಲ್ಲಿ ಪ್ರಶ್ನೆ ಕೇಳುವುದು ಸಣ್ಣವರು, ಅಂದರೆ ಮೂರನೇ ಪಾಲಿನ ಇಬ್ಬರು ಪಿಟೀಲಿನವರು. ಲಘುವಿನ ಎಂಟು ಜಾಗ ಅವರದ್ದು, ಬಿಡಿ ತಂತಿಯಲ್ಲೇ. ಎರಡು ದ್ರುತಗಳಲ್ಲಿ ದೊಡ್ಡವರ ಉತ್ತರ:

ಸ , ಸ .ಪ , .ಪ ಸ , | ಗ ಪ ದ ಪ | ಗ ರಿ ಸ , ||

ಆ ಮೂರು ಸೆಕೆಂಡು ಇಡೀ ವೇದಿಕೆ ಆ ಇಬ್ಬರು ಮಕ್ಕಳ ಕಡೆ ತಿರುಗುತ್ತದೆ. ನಕ್ಷೆಯಲ್ಲಿ ಬೇರೆ ಏನನ್ನು ಕತ್ತರಿಸಿದರೂ ಇದನ್ನು ಕತ್ತರಿಸಬೇಡಿ.

ತಾಳವಾದ್ಯದವರಿಗೆ ಬರೆದುಕೊಡಬೇಕಾದದ್ದು ಹೊಡೆಯುವುದಕ್ಕಿಂತ ಹೆಚ್ಚಾಗಿ ಸುಮ್ಮನಿರುವುದು. ಆಲಾಪನೆಯಲ್ಲಿ ಮೌನ, ಮೊದಲ ಪಲ್ಲವಿಯಲ್ಲಿ ಮೃದಂಗದ ಸರ್ವಲಘು (ಒಂದೇ ಸಮನೆಯ ಸರಳ ನಡೆ) ಮಾತ್ರ, ವೀಣೆ ನುಡಿಯುವಾಗ ಮೃದಂಗವೂ ಇಲ್ಲ. ವೀಣೆಯ ದನಿ ಸಣ್ಣದು, ಮೃದಂಗದ ಒಂದು ಗುಂಕಿ ಅದನ್ನು ನುಂಗಿಬಿಡುತ್ತದೆ.

ಮುಕ್ತಾಯದ ಲೆಕ್ಕ

ಮೂರು ಸಲ ಬರುವ ಮುಕ್ತಾಯಕ್ಕೆ ಎರಡು ಆವರ್ತದ 32 ಜಾಗ ಇದೆ. ಎಂಟರ ಸ್ವರಗುಚ್ಛ ಮೂರು, ನಡುವೆ ನಾಲ್ಕರ ವಿರಾಮ ಎರಡು: 24ಕ್ಕೆ 8 ಸೇರಿ 32.

ಗ ರಿ ಸ ರಿ ಗ ಪ ಗ ರಿ | ಸ , , , | ಗ ರಿ ಸ ರಿ ||
ಗ ಪ ಗ ರಿ ಸ , , , | ಗ ರಿ ಸ ರಿ | ಗ ಪ ಗ ರಿ || ಸ

ತಪ್ಪುವುದು ಎರಡು ಕಡೆ. ಒಂದು, ‘ಸ , , ,’ ಇರುವಲ್ಲಿ ಖಾಲಿ ಜಾಗ ಕಂಡು ಮಕ್ಕಳು ಮುಂದಕ್ಕೆ ನುಗ್ಗುತ್ತಾರೆ. ಸ ಹಿಡಿದಿರುವಾಗ ಮನಸ್ಸಿನಲ್ಲೇ ‘ತ ಕ ಧಿ ಮಿ’ ಎನ್ನಲು ಕಲಿಸಿ, ಆ ನಾಲ್ಕು ಅಕ್ಷರ ಮುಗಿಯುವ ತನಕ ಕಾಯುತ್ತಾರೆ. ಎರಡು, ಎರಡನೇ ಸಲದ ಗುಚ್ಛ ಆವರ್ತದ ಗೆರೆ ದಾಟುತ್ತದೆ, ಅರ್ಧ ಈಚೆ ಅರ್ಧ ಆಚೆ. ಸಮ ಬಂತೆಂದು ಕೆಲವರು ಅಲ್ಲಿ ಮತ್ತೆ ಗ ರಿ ಸ ರಿ ಎಂದು ಶುರು ಮಾಡುತ್ತಾರೆ. ಮೂರನೆಯದು ಎರಡನೇ ಆವರ್ತದ ಮೊದಲ ದ್ರುತದ ತಟ್ಟಿನಲ್ಲಿ ಏಳುತ್ತದೆ ಎಂದು ತಾಳ ಹಾಕಿಸಿ, ಬಾಯಲ್ಲಿ ಹೇಳಿಸಿ, ಆಮೇಲೆ ವಾದ್ಯ ಕೊಡಿ. ಸಣ್ಣವರ ಪಾಲಿಗೆ ಮೂರು ಸ ಮಾತ್ರ. ಮೂರನೆಯದು ಎಲ್ಲರ ಜೊತೆ ಸಮದಲ್ಲಿ ಬೀಳಬೇಕು, ಅದಕ್ಕೆ ಅವರ ಕಮಾನು ತಂತಿಯ ಮೇಲೆ ಮೊದಲೇ ಕಾದಿರಲಿ.

ಹಾಳೆ ಮತ್ತು ಅಭ್ಯಾಸ

ಪ್ರತಿ ಪಾಲಿಗೆ ಬೇರೆ ಹಾಳೆ, ಎ4 ಅಳತೆ, ಒಂದು ಪುಟ ಮೀರಬಾರದು. ಇಬ್ಬರಿಗೆ ಒಂದು ಸ್ಟ್ಯಾಂಡ್ ಇದ್ದರೆ ಅಕ್ಷರ 18 ಪಾಯಿಂಟಿಗಿಂತ ಚಿಕ್ಕದಾದರೆ ಓದಲಾಗದು. ಕಂಪ್ಯೂಟರಿನಲ್ಲಿ ಸ್ವರದ ಮೇಲೆ ಕೆಳಗೆ ಚುಕ್ಕೆ ಹಾಕಿದರೆ ಫಾಂಟ್ ಬದಲಾದಾಗ ಅವು ಪಕ್ಕಕ್ಕೆ ಸರಿಯುತ್ತವೆ ಇಲ್ಲವೇ ಮಾಯವಾಗುತ್ತವೆ. ಮುದ್ರಿಸಿದ ಮೇಲೆ ಚುಕ್ಕೆಗಳನ್ನು ಕೆಂಪು ಪೆನ್ನಿನಲ್ಲಿ ಕೈಯಾರೆ ಹಾಕುವುದೇ ನಿಶ್ಚಿಂತೆ.

ವಾರಕ್ಕೆ ಎರಡು ದಿನ, 45 ನಿಮಿಷದಂತೆ ಎಂಟು ವಾರ ಬೇಕು. ಮೊದಲ ವಾರ ವಾದ್ಯ ಮುಟ್ಟದೆ ಧಾಟಿ, ಮುಕ್ತಾಯ ಎರಡನ್ನೂ ಎಲ್ಲರೂ ತಾಳ ಹಾಕಿ ಹಾಡಬೇಕು, ಮೃದಂಗದವರೂ. ಎರಡು, ಮೂರನೇ ವಾರ ಪಾಲುಗಳು ಬೇರೆಬೇರೆ ಕೋಣೆಯಲ್ಲಿ. ನಾಲ್ಕನೇ ವಾರದಿಂದ ಒಟ್ಟಿಗೆ, ಪ್ರತಿ ದಿನ ಕೊನೆಯ ಭಾಗದಿಂದ ಶುರು ಮಾಡಿ. ಎಂದೂ ಪಲ್ಲವಿಯಿಂದಲೇ ಆರಂಭಿಸಿದರೆ ಪಲ್ಲವಿ ನೂರು ಸಲ, ಮುಕ್ತಾಯ ಹತ್ತು ಸಲ ಆಗಿರುತ್ತದೆ. ಆರನೇ ವಾರದ ನಂತರ ಹೊಸದೇನನ್ನೂ ಸೇರಿಸಬೇಡಿ.

ವೇಗ ಏರುವುದು ತಾಳವಾದ್ಯದ ಆರು ಆವರ್ತದಲ್ಲಿ. ಮೊಬೈಲಿನಲ್ಲಿ ಧ್ವನಿ ಹಿಡಿದು ಆಲಾಪನೆ ಬಿಟ್ಟು ಸಮಯ ನೋಡಿ. ನಾಲ್ಕು ನಿಮಿಷದ ಬದಲು 3 ನಿಮಿಷ 40 ಸೆಕೆಂಡಿಗೆ ಮುಗಿದಿದ್ದರೆ ಸರಾಸರಿ ವೇಗ 78 ದಾಟಿದೆ. ಆ ಹೊತ್ತಿನಲ್ಲಿ ನುಡಿಸದೆ ಕೂತಿರುವ ಹನ್ನೊಂದು ಮಕ್ಕಳು ಕಾಣುವಂತೆ ತೊಡೆಯ ಮೇಲೆ ತಾಳ ಹಾಕಲಿ, ಮೃದಂಗದವನ ಕಣ್ಣು ಅವರ ಕೈ ಮೇಲಿರಲಿ. ಇದೊಂದರಿಂದಲೇ ವೇಗ ಹಿಡಿತಕ್ಕೆ ಬರುತ್ತದೆ.

ವೇದಿಕೆ

ಅರ್ಧ ವೃತ್ತದಲ್ಲಿ ಕೂರಿಸಿ, ಮೃದಂಗ ನಟ್ಟನಡುವೆ, ಎಲ್ಲರಿಗೂ ಅವನ ಬಲಗೈ ಕಾಣಬೇಕು. ಸಣ್ಣವರನ್ನು ಹಿಂದಿನ ಸಾಲಿಗೆ ಹಾಕುವುದು ರೂಢಿ. ಮುಂದೆಯೇ ಕೂರಿಸಿ, ಮೊದಲ ಪಾಲಿನ ಒಬ್ಬೊಬ್ಬ ದೊಡ್ಡವರ ಪಕ್ಕ. ಮೈಕ್ ನಾಲ್ಕೇ ಇದ್ದರೆ ವೀಣೆಗೆ ಒಂದು, ಕೊಳಲಿಗೆ ಒಂದು, ಪಿಟೀಲುಗಳ ನಡುವೆ ಎದೆಯ ಎತ್ತರದಲ್ಲಿ ಎರಡು. ಮೃದಂಗಕ್ಕೆ ಸಣ್ಣ ಸಭಾಂಗಣದಲ್ಲಿ ಬೇಡ. ಶ್ರುತಿಪೆಟ್ಟಿಗೆಯ ದನಿ ಸಭೆಗಲ್ಲ, ಮಕ್ಕಳಿಗೆ ಕೇಳಬೇಕು. ಧ್ವನಿವರ್ಧಕದವರಿಗೆ ಹೇಳಿ ಮಕ್ಕಳ ಕಡೆ ಮುಖ ಮಾಡಿದ ಒಂದು ಸ್ಪೀಕರ್ ಇರಿಸಿಕೊಳ್ಳಿ. ಆರು ಪಿಟೀಲು ಸೇರಿಸಲು ಒಬ್ಬರಿಗೇ ಹತ್ತು ನಿಮಿಷ ಬೇಕು, ಹಿಂದಿನ ಕಾರ್ಯಕ್ರಮ ಮುಗಿಯುವ ಮೊದಲೇ ಪಕ್ಕದ ಕೋಣೆಯಲ್ಲಿ ಮುಗಿಸಿ. ವೇದಿಕೆಯ ದೀಪದ ಬಿಸಿಗೆ ತಂತಿ ಇಳಿಯುತ್ತದೆ, ಕೂತ ಮೇಲೆ ಒಂದು ಸಲ ಬಿಡಿ ತಂತಿ ಕೇಳಿ ನೋಡಿ.

ನಡುವೆ ತಂಡ ಚದುರಿದರೆ ಏನು ಮಾಡಬೇಕೆಂದು ಮೊದಲೇ ಗೊತ್ತುಮಾಡಿ, ಅದನ್ನೂ ಎರಡು ಮೂರು ಸಲ ಅಭ್ಯಾಸ ಮಾಡಿಸಿ. ಘಟದ ಮಗು ಏನಾದರೂ ಆಗಲಿ ಎಣಿಕೆ ಬಿಡುವುದಿಲ್ಲ. ಉಳಿದವರೆಲ್ಲ ಕೈ ನಿಲ್ಲಿಸಿ ಮುಂದಿನ ಸಮಕ್ಕೆ ಕಾಯುತ್ತಾರೆ. ಸಣ್ಣವರ ‘ಸ , , ,’ ಮೊದಲು ಏಳುತ್ತದೆ, ಒಂದು ಆವರ್ತ ಅವರದ್ದೇ. ಅದರ ಮುಂದಿನ ಸಮದಲ್ಲಿ ‘ಗ , ಗ’ ಎಂದು ಎಲ್ಲರೂ ಪಲ್ಲವಿಗೆ ಬರುತ್ತಾರೆ.